ಈ ತಾತ ಆಡಿ ನೋಡಿದ ಗೇಮ್‌ಗಳು

ಮಕ್ಕಳೇ, ವಿಡಿಯೋ ಗೇಮ್ ಬಗ್ಗೆ ದೊಡ್ಡವರು ಬಾಯಿ ಬಿಟ್ಟರೆ ಸಾಮಾನ್ಯವಾಗಿ ಬರುವುದು ಬೈಗುಳವೇ. ಬೈಯುವವರಲ್ಲಿ ಹೆಚ್ಚಿನವರು ಒಂದು ಗೇಮನ್ನೂ ಆಡಿದವರಲ್ಲ. ನಾನು ಆಡಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು, ನಿವೃತ್ತನಾಗಿ ಬೆಳಗೊಳದಲ್ಲಿ ನೆಲೆಸಿರುವ ಎಪ್ಪತ್ತು ದಾಟಿದ ಮುದುಕ ನಾನು. ಹಾಗಾಗಿ ಈ ಅಭಿಪ್ರಾಯಗಳು ಕೇಳಿ ಹೇಳಿದ್ದಲ್ಲ, ಆಡಿ ಹೇಳಿದ್ದು. ಅಜ್ಜ ಅಜ್ಜಿಯರೂ ಓದಿ, ನಿಮಗೂ ಒಂದು ಮಾತಿದೆ.

ನನ್ನ ಮೊದಲ ಗೇಮ್ ಸಾಲಿಟೇರ್. ಅಂದರೆ ಒಬ್ಬರೇ ಕೂತು ಆಡುವ ಇಸ್ಪೀಟು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ನನಗೆ ನಲವತ್ತು ದಾಟಿತ್ತು. ಲೆಡ್ಜರ್ ಬರೆದು ಪಳಗಿದ ಕೈಗೆ ಮೌಸ್ ಒಗ್ಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಎಲೆಗಳನ್ನು ಎಳೆದೆಳೆದು ಜೋಡಿಸುತ್ತಾ ಹೋದಂತೆ ಒಗ್ಗಿತು. ಇದನ್ನು ಬರೆದವನು ಮೈಕ್ರೋಸಾಫ್ಟ್ ಕಂಪನಿಗೆ ತರಬೇತಿಗೆ ಬಂದಿದ್ದ ವೆಸ್ ಚೆರ್ರಿ ಎಂಬ ಹುಡುಗ. 1990ರಲ್ಲಿ ವಿಂಡೋಸ್ 3.0 ಜೊತೆ ಅದು ಲೋಕವನ್ನೆಲ್ಲ ಸುತ್ತಿತು. ಕಲಿಸುವ ಗುಣ ಅದಕ್ಕಿದೆ. ಆದರೆ ಗೆದ್ದರೆ ಬೆನ್ನು ತಟ್ಟುವವರಿಲ್ಲ, ಸೋತರೆ ಹಾಸ್ಯ ಮಾಡುವವರಿಲ್ಲ. ಚೌಕಾಬಾರ ಆಡಿ ಬೆಳೆದ ನನಗೆ ಅದು ಉಪ್ಪಿಲ್ಲದ ಸಾರು.

ಮನೆಯಲ್ಲಿ ಮಕ್ಕಳು ಟೀವಿಗೆ ಸಿಕ್ಕಿಸಿ ಆಡುತ್ತಿದ್ದದ್ದು ಸೂಪರ್ ಮಾರಿಯೋ. ಜಪಾನಿನ ಶಿಗೇರು ಮಿಯಾಮೊಟೊ ಅವರ ಸೃಷ್ಟಿ, 1985ರದ್ದು. ಮಾರಿಯೋಗೆ ಅಷ್ಟು ದಪ್ಪ ಮೀಸೆ ಯಾಕೆ ಗೊತ್ತೇ? ಆಗಿನ ಪರದೆಯಲ್ಲಿ ಒಂದು ಗೊಂಬೆಗೆ ಸಿಗುತ್ತಿದ್ದದ್ದು ಕೆಲವೇ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬರೆಯುವುದು ಕಷ್ಟ, ಮೀಸೆ ಇಟ್ಟರೆ ಸಲೀಸು. ಕೂದಲು ಬರೆಯುವ ಗೋಜು ಬೇಡವೆಂದು ತಲೆಗೆ ಟೋಪಿ! ಇದ್ದದ್ದರಲ್ಲೇ ಸಂಸಾರ ತೂಗಿಸುವ ಗೃಹಿಣಿಯ ಜಾಣತನ ಇದು. ನಾನು ಮಾತ್ರ ಮೊದಲ ಗುಂಡಿಯಲ್ಲೇ ಬೀಳುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೆ ಟಾರ್ಚ್ ಇದ್ದ ನೋಕಿಯಾ 1100 ಫೋನ್ ಬಂತು. ಅದರಲ್ಲಿ ಹಾವಿನ ಆಟ. ಕಾಳು ತಿಂದಷ್ಟೂ ಹಾವು ಉದ್ದವಾಗುತ್ತದೆ, ಕೊನೆಗೆ ತನ್ನ ಬಾಲಕ್ಕೆ ತಾನೇ ಡಿಕ್ಕಿ ಹೊಡೆದು ಆಟ ಮುಗಿಯುತ್ತದೆ. ನೋಕಿಯಾ ಫೋನಿಗೆ ಇದನ್ನು 1997ರಲ್ಲಿ ಅಳವಡಿಸಿದವರು ಫಿನ್ಲೆಂಡಿನ ತಾನೆಲಿ ಅರ್ಮಾಂಟೊ. ಬೆಳಗೊಳ ಸ್ಟೇಷನ್‌ನಲ್ಲಿ ರೈಲು ಕಾಯುವಾಗ ಎಷ್ಟು ಹಾವು ಸಾಕಿದ್ದೇನೋ! ರೈಲು ಬಂದರೆ ಜೇಬಿಗೆ ಹಾಕಿದರಾಯಿತು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ಟೆಟ್ರಿಸ್. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ರೂಪಿಸಿದ್ದು. ನಾಲ್ಕು ನಾಲ್ಕು ಚೌಕದ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ, ಸಂದಿಲ್ಲದಂತೆ ಜೋಡಿಸಬೇಕು. ಸಾಲು ತುಂಬಿದರೆ ಅದು ಮಾಯ. ಕಬ್ಬಿನ ಲಾರಿಗೆ ಲೋಡ್ ಮಾಡುವವರನ್ನು ನೋಡಿದ್ದೀರಲ್ಲ, ಅದೇ ಕಣ್ಣಳತೆ ಬೇಕು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಇದರ ಹಳೆಯ ಆವೃತ್ತಿಯನ್ನು 157ನೇ ಹಂತದವರೆಗೆ ಆಡಿ, ಆಟವೇ ಕೆಲಸ ನಿಲ್ಲಿಸುವಂತೆ ಮಾಡಿದ. ಎಪ್ಪತ್ತರ ಮಿದುಳಿಗೂ ಇದು ಒಳ್ಳೆಯ ಕಸರತ್ತು ಎಂಬುದು ನನ್ನ ಅನುಭವ.

2020ರ ಲಾಕ್‌ಡೌನ್‌ನಲ್ಲಿ ಲೂಡೋ ಕಿಂಗ್ ಬಂತು. ನಮ್ಮ ಪಗಡೆಯೇ ಇಂಗ್ಲೆಂಡಿಗೆ ಹೋಗಿ ಲೂಡೋ ಆಗಿದ್ದು, ಈಗ ಫೋನ್ ಹತ್ತಿ ಊರಿಗೆ ಮರಳಿತು. ದೂರದ ಊರಲ್ಲಿದ್ದ ಮಗಳು, ಇಲ್ಲಿ ನಾನು, ನನ್ನಾಕೆ. ದಾಳ ಉರುಳಿಸುತ್ತಲೇ ಊಟ ಆಯ್ತಾ, ಕೆಮ್ಮು ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತಿದ್ದೆವು. ಆಟಕ್ಕಿಂತ ಆ ಮಾತುಗಳೇ ಹೆಚ್ಚು.

ಇನ್ನು ನಿಮಗೆಲ್ಲ ಪ್ರಿಯವಾದ ಯುದ್ಧದ ಆಟ. ಪಬ್‌ಜಿಯನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಮರುವರ್ಷ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ನೂರು ಜನ ವಿಮಾನದಿಂದ ಧುಮುಕುತ್ತಾರೆ, ಆಡುವ ಜಾಗ ಕಿರಿದಾಗುತ್ತಾ ಹೋಗುತ್ತದೆ, ಕೊನೆಯವರೆಗೂ ಉಳಿದವರು ಗೆದ್ದಂತೆ. ಎಂಟನೇ ಕ್ಲಾಸಿನ ಮೊಮ್ಮಗ ಇದನ್ನು ಆಡುವಾಗ ಊಟಕ್ಕೆ ಕರೆದರೆ "ತಡಿ ತಾತ, ಒಂದ್ ನಿಮ್ಷ" ಎನ್ನುತ್ತಿದ್ದ. ಒಂದು ದಿನ ಸೊಸೆ ಫೋನ್ ಕಿತ್ತುಕೊಂಡಳು. ಹುಡುಗ ಉಣ್ಣದೆ ಮಲಗಿದ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಮೂರನೆಯ ದಿನ ನಾನೇ ಅವನ ಪಕ್ಕ ಕೂತು, "ನಂಗೂ ಕಲಿಸೋ" ಅಂದೆ. ನೆಲಕ್ಕಿಳಿದು ಬಾಗಿಲು ಹುಡುಕುವಷ್ಟರಲ್ಲೇ ನಾನು ಔಟ್. ಆದರೆ ಒಂದು ಸಂಗತಿ ತಿಳಿಯಿತು. ಹಾವಿನ ಆಟದ ಹಾಗೆ ಇದನ್ನು ನಡುವೆ ನಿಲ್ಲಿಸಿ ಜೇಬಿಗೆ ಹಾಕುವಂತಿಲ್ಲ. ಒಂದು ಪಂದ್ಯ ಸುಮಾರು ಅರ್ಧ ಗಂಟೆ. ಬಿಟ್ಟೆದ್ದರೆ ಜೊತೆಗಿರುವ ಮೂವರು ಗೆಳೆಯರಿಗೆ ತೊಂದರೆ. ಅವನದು ಬರೀ ಹಠವಲ್ಲ, ಗೆಳೆಯರ ಸಂಕೋಚವೂ ಇತ್ತು. ಹಾಗೆಂದು ಪಂದ್ಯದ ಹಿಂದೆ ಪಂದ್ಯ ಆಡುತ್ತಾ ಹೋದರೆ ಓದು, ನಿದ್ದೆ ಎರಡೂ ಕೆಡುತ್ತವೆ. ಸೊಸೆಯ ಸಿಟ್ಟೂ ಸುಳ್ಳಲ್ಲ. ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು: ದಿನಕ್ಕೆ ಒಂದೇ ಪಂದ್ಯ, ಊಟದ ಹೊತ್ತಿಗೆ ಮುಕ್ಕಾಲು ಗಂಟೆ ಇದೆ ಎನ್ನುವಾಗ ಹೊಸದು ಶುರು ಮಾಡುವಂತಿಲ್ಲ, ಶುರುವಾದದ್ದನ್ನು ನಾವು ಕಿತ್ತುಕೊಳ್ಳುವಂತಿಲ್ಲ. ಒಂದೆರಡು ಸಲ ಜಗ್ಗಾಟವಾದರೂ ಒಪ್ಪಂದ ನಡೆದಿದೆ.

ಬ್ಯಾಂಕಿನವನಾಗಿ ದುಡ್ಡಿನ ಮಾತು ಹೇಳದಿದ್ದರೆ ಹೇಗೆ? ಬಿಟ್ಟಿ ಆಟದೊಳಗೂ ಅಂಗಡಿ ಇರುತ್ತದೆ. ಗೊಂಬೆಗೆ ಅಂಗಿ, ಬಂದೂಕಿಗೆ ಬಣ್ಣ, ಒಳಗೇನಿದೆಯೋ ಗೊತ್ತಿಲ್ಲದ ಪೆಟ್ಟಿಗೆ. ಬೆಲೆಯನ್ನು ರೂಪಾಯಿಯಲ್ಲಿ ಹೇಳದೆ ವಜ್ರ, ನಾಣ್ಯ ಎನ್ನುತ್ತಾರೆ, ಖರ್ಚು ಖರ್ಚೆಂದೇ ಅನಿಸುವುದಿಲ್ಲ. ಪಾಸ್‌ವರ್ಡ್, ಓಟಿಪಿ ಮಕ್ಕಳ ಕೈಗೆ ಕೊಡಬೇಡಿ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನಂತೂ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ ನಿಷೇಧಿಸಿದೆ. ಅವುಗಳ ಹತ್ತಿರವೂ ಸುಳಿಯಬೇಡಿ.

ಆಟ ಬಿಡಲಾಗದೆ ಊಟ, ನಿದ್ದೆ, ಶಾಲೆ ತಪ್ಪುತ್ತಿದ್ದರೆ ಬೈದು ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಕ್ಲಿನಿಕ್ ಇದೆ. ನಾಚಿಕೆ ಪಡದೆ ಹೋಗಿ ಕೇಳಬಹುದು.

ಅಜ್ಜ ಅಜ್ಜಿಯರಿಗೆ ನನ್ನ ಮಾತು ಇಷ್ಟೇ. ಬೈಯುವ ಮೊದಲು ಒಂದು ಪಂದ್ಯ ಆಡಿ, ಸೋಲುವುದು ಖಂಡಿತ, ಪರವಾಗಿಲ್ಲ. ಮಕ್ಕಳೇ, ತಾತ ಸೋತರೆ ನಗಿ, ಆದರೆ ಇನ್ನೊಮ್ಮೆ ಹೇಳಿಕೊಡಿ. ಆಮೇಲೆ ಅವರಿಂದ ಚೌಕಾಬಾರ ಕಲಿಯಿರಿ. ಕವಡೆ ಸಿಗದಿದ್ದರೆ ಹುಣಸೆಬೀಜ ಒಡೆದು ಒಂದು ಮಗ್ಗುಲು ಬಿಳಿ ಮಾಡಿಕೊಂಡರೂ ನಡೆಯುತ್ತದೆ. ಅದಕ್ಕೆ ಚಾರ್ಜ್ ಬೇಕಿಲ್ಲ, ಕರೆಂಟು ಹೋದರೂ ಆಟ ನಿಲ್ಲುವುದಿಲ್ಲ.