ಕಿರಣ ಅಳೆಯುವ ವಜ್ರ

ಹುಮನಾಬಾದ್, ಬಸವಕಲ್ಯಾಣದ ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಅಲೆಯುತ್ತಾರೆ. ಬಾಯಿಯ ಕ್ಯಾನ್ಸರಾದರೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ಆರೇಳು ವಾರಗಳಲ್ಲಿ 60ರಿಂದ 70 ಗ್ರೇ. ಒಂದು ಕಿಲೋ ಅಂಗಾಂಶ ಒಂದು ಜೌಲ್ ಶಕ್ತಿ ಹೀರಿಕೊಂಡರೆ ಅದು 1 ಗ್ರೇ. ಹಾಗೆ ನೋಡಿದರೆ ಒಂದು ದಿನದ ಡೋಸು ಮಾಂಸವನ್ನು ಬಿಸಿ ಮಾಡುವುದು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ರೋಗಿಗೆ ಏನೂ ಗೊತ್ತಾಗದು. ಅದೇ ಕಿರಣ 4–5 ಗ್ರೇಯಷ್ಟು ಒಮ್ಮೆಲೇ ಇಡೀ ಮೈಮೇಲೆ ಬಿದ್ದು, ಆರೈಕೆಯೂ ಸಿಗದಿದ್ದರೆ, ಅರ್ಧದಷ್ಟು ಜನ ಉಳಿಯುವುದಿಲ್ಲ.

ಇಷ್ಟು ಸಣ್ಣ ಬಿಸಿಯನ್ನು ಆಸ್ಪತ್ರೆಯಲ್ಲಿ ಅಳೆಯುವುದು ಆಗದ ಮಾತು. ಅದಕ್ಕೇ ಕಿರಣ ಬಡಿದಾಗ ಸಿಡಿಯುವ ವಿದ್ಯುದಂಶವನ್ನು ಎಣಿಸುತ್ತಾರೆ. ಗಾಳಿ ತುಂಬಿದ ಅಯಾನ್ ಚೇಂಬರ್ ಈ ಕೆಲಸದ ಹಳೆಯ, ನಂಬಿಗಸ್ತ ಸಾಧನ. ಆದರೆ ಮಿದುಳಿನ ಪುಟ್ಟ ಗಡ್ಡೆಗೆ ಬಿಡುವ ಕಿರಣ ಅರ್ಧ ಸೆಂಟಿಮೀಟರಿನಷ್ಟೇ ಅಗಲವಿರಬಹುದು. ಚೇಂಬರೇ ಕಿರಣಕ್ಕಿಂತ ದೊಡ್ಡದಾದರೆ ಅಳತೆ ಕಡಿಮೆ ತೋರುತ್ತದೆ, ಯಂತ್ರಕ್ಕೆ ಹೆಚ್ಚು ಕಿರಣ ಬಿಡಲು ಹೇಳಿದಂತಾಗುತ್ತದೆ. ಫ್ರಾನ್ಸಿನ ತುಲೂಸ್‌ನಲ್ಲಿ 2006–07ರಲ್ಲಿ ಆದದ್ದು ಇದೇ: 145 ರೋಗಿಗಳಿಗೆ ಮಿತಿಮೀರಿದ ಡೋಸು.

ಚಿಕ್ಕದಾಗಿರುವುದಷ್ಟೇ ಸಾಲದು, ಅಳೆಯುವ ವಸ್ತು ಮೈಯಂತೆಯೇ ಕಿರಣ ಹೀರಬೇಕು. ಸಿಲಿಕಾನಿನ ಪರಮಾಣು ಸಂಖ್ಯೆ 14. ಅಂಗಾಂಶದ ಸರಾಸರಿ ಏಳರ ಆಸುಪಾಸು. ವಜ್ರವೆಂದರೆ ಬರೀ ಇಂಗಾಲ, ಸಂಖ್ಯೆ 6, ಅಂಗಾಂಶಕ್ಕೆ ಹತ್ತಿರ. ಅಷ್ಟೇ ಜಾಗದ ಗಾಳಿಗಿಂತ ವಜ್ರ ಸುಮಾರು 7,500 ಪಟ್ಟು ಹೆಚ್ಚು ವಿದ್ಯುದಂಶ ಕೊಡುತ್ತದೆ.

ಆದರೆ ಎಲ್ಲ ವಜ್ರವೂ ಇದಕ್ಕೆ ಆಗದು. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಗೂ ಜಾಗವಿದೆ. ರತ್ನಪರೀಕ್ಷಕನ ಕಣ್ಣು ಆಕಾರ, ಹೊಳಪು, ಕಲೆಗಳ ಮೇಲೆ. ಡೋಸು ಅಳೆಯುವವರ ಚಿಂತೆ ಕಣ್ಣಿಗೆ ಕಾಣದ ನೈಟ್ರೋಜನ್ನಿನದು; ಅದು ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೋಜನ್ ತೀರ ಕಡಿಮೆಯಿರುವ ಕಲ್ಲುಗಳನ್ನು ರತ್ನದ ವ್ಯಾಪಾರಿಗಳು ಇಂದಿಗೂ ಗೋಲ್ಕೊಂಡದ ಹೆಸರಿನಿಂದ ಕರೆಯುವುದುಂಟು. ಮೊದಲು ಇಂಥ ನೈಸರ್ಗಿಕ ಕಲ್ಲುಗಳನ್ನೇ ಆರಿಸಿ ಮಾಪಕ ಮಾಡುತ್ತಿದ್ದರು. ದುಬಾರಿ, ಸಾಲದ್ದಕ್ಕೆ ಒಂದೊಂದು ಕಲ್ಲಿಗೂ ಒಂದೊಂದು ಗುಣ.

ಈಗ ಕೃತಕ ಪದರವನ್ನು ಬೆಳೆಸುತ್ತಾರೆ. ಹೈಡ್ರೋಜನ್ನಿಗೆ ತುಸು ಮೀಥೇನ್ ಬೆರೆಸಿ, ಕಡಿಮೆ ಒತ್ತಡದಲ್ಲಿ ಮೈಕ್ರೋವೇವಿನಿಂದ ಪ್ಲಾಸ್ಮಾ ಮಾಡಿದರೆ, ಸುಮಾರು 800 ಡಿಗ್ರಿ ಬಿಸಿಯ ತಳದ ಮೇಲೆ ಇಂಗಾಲ ವಜ್ರವಾಗಿ ಕೂರುತ್ತದೆ. ನಡುವೆ ಹುಟ್ಟುವ ಗ್ರಾಫೈಟನ್ನು ಹೈಡ್ರೋಜನ್ ಕೆರೆದು ತೆಗೆಯುತ್ತದೆ. ರೋಮಿನ ತೋರ್ ವೆರ್ಗಾತಾ ವಿಶ್ವವಿದ್ಯಾಲಯದವರು ರೂಪಿಸಿದ ಮಾಪಕವೊಂದರಲ್ಲಿ ಕೆಲಸ ಮಾಡುವ ಪದರದ ದಪ್ಪ ಒಂದೇ ಮೈಕ್ರಾನ್, ಅಡ್ಡಗಲ 2.2 ಮಿಲಿಮೀಟರ್. ಹೊರಗಿನಿಂದ ವೋಲ್ಟೇಜೂ ಬೇಕಿಲ್ಲ. ದೋಷವಿಲ್ಲವೆಂದಲ್ಲ: ವಜ್ರ ನೀರಿಗಿಂತ ಮೂರೂವರೆ ಪಟ್ಟು ಸಾಂದ್ರ, ಆದ್ದರಿಂದ ತೀರ ಕಿರಿದಾದ ಕಿರಣಕ್ಕೆ ತಿದ್ದುಪಡಿ ಹಾಕಲೇಬೇಕು.

ಎಲ್ಲೆಡೆಯೂ ವಜ್ರವೇ ಆಗಬೇಕೆಂಬ ಹಟ ಬೇಡ. ನಮ್ಮೂರ ಎಕ್ಸ್-ರೇ ಸಿಬ್ಬಂದಿಯ ಎದೆಯ ಮೇಲೆ ಡೋಸು ಅಳೆಯುವ ಟಿಎಲ್‌ಡಿ ಬ್ಯಾಡ್ಜಿಗೆ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳೇ ಸಾಕು. ಸೂರತ್ತಿನಲ್ಲಿ ಕೃತಕ ವಜ್ರ ಹೇರಳವಾಗಿ ತಯಾರಾಗುತ್ತಿದೆಯಲ್ಲ, ಅದನ್ನೇ ಮಾಪಕಕ್ಕೆ ಬಳಸಬಾರದೇ ಎನ್ನಬಹುದು. ಆದರೆ ಆಭರಣದ ವಜ್ರ ಬೇಗ ಬೆಳೆಯಲೆಂದು ತುಸು ನೈಟ್ರೋಜನ್ ಬಿಡುವುದುಂಟು. ಮಾಪಕದ ಪದರಕ್ಕೆ ಅದೇ ಸಲ್ಲದು.