ಸರ್ಕಾರದ ಸಂಬಳದಿಂದ ಸಭೆಯ ಕಾಣಿಕೆಗೆ

ಬೆಂಗಳೂರು ದಂಡು ಪ್ರದೇಶದ ಆಂಗ್ಲಿಕನ್ ಚರ್ಚುಗಳ ಪಾಲಿಗೆ 1947ರ ಮಳೆಗಾಲ ಸಾಮಾನ್ಯದ್ದಲ್ಲ. ಜುಲೈ 26ರಂದು ಈ ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಮೈಸೂರು ಸಂಸ್ಥಾನದ ಕೈಗೆ ಮರಳಿತು. ಆಗಸ್ಟ್ 15ರಂದು ಬ್ರಿಟಿಷರ ಆಳ್ವಿಕೆಯೇ ಮುಗಿಯಿತು. ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ, ರೂಪುಗೊಂಡಿತು. ಎರಡು ತಿಂಗಳಲ್ಲಿ ಕಾಲಡಿಯ ನೆಲದ ಆಡಳಿತ, ದೇಶದ ಆಡಳಿತ, ಧರ್ಮಸಭೆಯ ಆಡಳಿತ ಮೂರೂ ಬದಲಾಗಿದ್ದವು.

ಈ ಬದಲಾವಣೆಯನ್ನು ಅರಿಯಲು ಮಹಾತ್ಮ ಗಾಂಧಿ ರಸ್ತೆಯ ಪೂರ್ವದ ತುದಿಯಲ್ಲಿರುವ ಹೋಲಿ ಟ್ರಿನಿಟಿ ಚರ್ಚ್ ಒಳ್ಳೆಯ ಉದಾಹರಣೆ.

ಮಲೇರಿಯಾದ ಕಾಟ ತಾಳದೆ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಹಲಸೂರಿನ ಕಡೆಗೆ ಬಂದದ್ದು 1809ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಕೆಲಸ ಆರಂಭವಾಗಿದ್ದ ಸೇಂಟ್ ಮಾರ್ಕ್ಸ್ ಚರ್ಚ್ 1812ರಲ್ಲಿ ಮುಗಿಯಿತು. ಅದನ್ನು ಪ್ರತಿಷ್ಠೆ ಮಾಡಲು ಬಿಷಪ್ ಒಬ್ಬರು ಬಂದದ್ದು 1816ರಲ್ಲಿ, ಅದೂ ಕಲ್ಕತ್ತಾದಿಂದ! ಮದ್ರಾಸಿಗೆ ಪ್ರತ್ಯೇಕ ಬಿಷಪ್ ಸಿಕ್ಕಿದ್ದು 1835ರಲ್ಲಿ. ದಂಡು ಬೆಳೆದಂತೆ ಸೇಂಟ್ ಮಾರ್ಕ್ಸ್ ಸಾಲದಾಯಿತು. ಸರ್ಕಾರ ತನ್ನ ಖಜಾನೆಯಿಂದಲೇ ಹಣ ಕೊಟ್ಟು, ಸುಮಾರು 700 ಮಂದಿ ಕೂರುವಷ್ಟು ದೊಡ್ಡದಾದ ಹೋಲಿ ಟ್ರಿನಿಟಿಯನ್ನು ಸೈನಿಕರಿಗಾಗಿ ಕಟ್ಟಿಸಿತು. 1851ರ ಹೊತ್ತಿಗೆ ಕಟ್ಟಡ ಎದ್ದು ನಿಂತಿತ್ತು.

ಕಟ್ಟಿಸಿದ್ದಷ್ಟೇ ಅಲ್ಲ, ನಡೆಸಿದ್ದೂ ಸರ್ಕಾರವೇ. ಚಾಪ್ಲಿನ್ ಎಂದು ಕರೆಸಿಕೊಳ್ಳುತ್ತಿದ್ದ ಗುರುಗಳು ಸರ್ಕಾರಿ ನೌಕರರು. ಸಂಬಳ, ರಜೆ, ಪಿಂಚಣಿ, ವರ್ಗಾವಣೆ ಎಲ್ಲವೂ ನಿಯಮದಂತೆ. 1865ರಲ್ಲಿ ಬಿಷಪ್ ಕಾಟನ್ ಶಾಲೆಯನ್ನು ಆರಂಭಿಸಿದ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಇಂಥ ಚಾಪ್ಲಿನ್‌ಗಳಲ್ಲಿ ಒಬ್ಬರು. ಭಾನುವಾರ ಪೆರೇಡಿನಂತೆ ಸಾಲಾಗಿ ಬರುತ್ತಿದ್ದ ರೆಜಿಮೆಂಟುಗಳಿಗೆ ಚರ್ಚಿನ ಖರ್ಚುವೆಚ್ಚದ ಚಿಂತೆ ಇರಲಿಲ್ಲ. ಹಾಗೆಯೇ ಗುರುಗಳು ಯಾರಾಗಬೇಕು ಎಂಬ ವಿಷಯದಲ್ಲಿ ಅವರನ್ನು ಕೇಳುವವರೂ ಇರಲಿಲ್ಲ.

ಬ್ರಿಟಿಷರು ಹೊರಡುವ ಮುನ್ನವೇ ಈ ಕಟ್ಟು ಸಡಿಲವಾಗತೊಡಗಿತ್ತು. 1927ರ ಇಂಡಿಯನ್ ಚರ್ಚ್ ಕಾಯ್ದೆಯ ಫಲವಾಗಿ 1930ರ ಮಾರ್ಚ್ 1ರಿಂದ ಇಲ್ಲಿನ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಚರ್ಚಿನಿಂದ ಕಾನೂನಿನ ಪ್ರಕಾರ ಬೇರೆಯಾಯಿತು. ಆದರೂ ಸೈನಿಕರು ಬರುವ ಚರ್ಚುಗಳ ದುರಸ್ತಿ, ಚಾಪ್ಲಿನ್‌ಗಳ ಸಂಬಳ ಸರ್ಕಾರದ ಲೆಕ್ಕದಲ್ಲೇ ಮುಂದುವರಿದವು. ಸ್ವಾತಂತ್ರ್ಯದ ಬೆನ್ನಲ್ಲೇ ಆ ಆಸರೆಯೂ ತಪ್ಪಿತು. ರೆಜಿಮೆಂಟುಗಳು ಹಡಗು ಹತ್ತಿದವು. ದಂಡಿನ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಹಲವು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾದ ದಾರಿ ಹಿಡಿದವು. ಉಳಿದವರ ಮುಂದಿದ್ದದ್ದು ಸೈನ್ಯದ ಅಳತೆಗೆ ಕಟ್ಟಿದ ಚರ್ಚು ಮತ್ತು ಅದರ ಖರ್ಚು.

ಸ್ವತಂತ್ರ ಸಭೆಯ ಬದುಕು ಶುರುವಾದದ್ದು ಇಲ್ಲಿಂದ. ಸಿಎಸ್‌ಐ ವ್ಯವಸ್ಥೆಯಲ್ಲಿ ಸದಸ್ಯರು ಮತ ಹಾಕಿ ಪಾಸ್ಟರೇಟ್ ಕಮಿಟಿಯನ್ನು, ಅಂದರೆ ಸಭೆಯ ಆಡಳಿತ ಸಮಿತಿಯನ್ನು, ಆರಿಸುತ್ತಾರೆ. ಚಂದಾ, ಭಾನುವಾರದ ಕಾಣಿಕೆ, ಸುಗ್ಗಿ ಹಬ್ಬದ ಹರಾಜು ಇವುಗಳಿಂದ ಹಣ ಕೂಡುತ್ತದೆ. ಅದರಲ್ಲಿ ಚರ್ಚಿನ ಖರ್ಚು ತೂಗಿಸಿ, ಡಯಾಸಿಸ್‌ಗೆ, ಅಂದರೆ ಬಿಷಪ್ಪರ ಆಡಳಿತ ವಲಯಕ್ಕೆ, ಸಲ್ಲಬೇಕಾದ ಪಾಲನ್ನೂ ಕೊಡಬೇಕು. ಹೊಸ ಮೈಸೂರು ಡಯಾಸಿಸ್‌ನ ಮೊದಲ ಬಿಷಪ್ ಪಿ. ಗುರುಶಾಂತ ಮೆಥಡಿಸ್ಟ್ ಪರಂಪರೆಯಿಂದ ಬಂದವರು. ಮದ್ರಾಸಿನ ಆಂಗ್ಲಿಕನ್ ಬಿಷಪ್ಪರ ಕಡೆ ನೋಡುತ್ತಿದ್ದ ದಂಡಿನ ಚರ್ಚುಗಳು ಈಗ ಪೇಟೆ ಕಡೆಯ ಕನ್ನಡ ಸಭೆಗಳ ಜೊತೆ ಒಂದೇ ಮನೆಯವರಾದವು. 1970ರಲ್ಲಿ ಆ ಡಯಾಸಿಸ್ ಮೂರಾಯಿತು. ಬೆಂಗಳೂರು ಕರ್ನಾಟಕ ಮಧ್ಯ ಡಯಾಸಿಸ್‌ಗೆ ಸೇರಿತು.

ಈ ಸ್ವಾತಂತ್ರ್ಯಕ್ಕೆ ಮಿತಿಯೂ ಉಂಟು. ಗುರುಗಳನ್ನು ನೇಮಿಸುವವರು, ವರ್ಗ ಮಾಡುವವರು ಬಿಷಪ್. ಆಸ್ತಿಯನ್ನು ನೋಡಿಕೊಳ್ಳಲೆಂದು 1947ರಲ್ಲೇ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ಕಂಪನಿ ನೋಂದಣಿಯಾಗಿದೆ. ಹಾಗೆಂದು ಸಭೆಯ ಮಾತಿಗೆ ಬೆಲೆ ಇಲ್ಲವೆಂದಲ್ಲ. ರಾಬರ್ಟ್ ಚಿಸಂ ವಿನ್ಯಾಸ ಮಾಡಿದ, 1870ರ ಹೊತ್ತಿನ ಆಲ್ ಸೇಂಟ್ಸ್ ಚರ್ಚ್ ರಿಚ್ಮಂಡ್ ಟೌನ್ ಬಳಿ ಹಳೆಯ ಮರಗಳ ನಡುವೆ ಇದೆ. 2019ರಲ್ಲಿ ಮೆಟ್ರೊ ನಿಲ್ದಾಣಕ್ಕೆ ಅದರ ಜಾಗ ಬೇಕೆಂದಾಗ ಸದಸ್ಯರೇ ಎದ್ದು ನಿಂತರು. ಯೋಜನೆಗೆ ಸಾಲ ಕೊಡುವ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರೆಗೂ ದೂರು ಒಯ್ದರು. ಸರ್ಕಾರವೇ ಚರ್ಚಿನ ಯಜಮಾನನಾಗಿದ್ದ ಕಾಲದಲ್ಲಿ ಇಂಥ ದೂರು ಹುಟ್ಟುತ್ತಲೇ ಇರಲಿಲ್ಲ.

ಹೋಲಿ ಟ್ರಿನಿಟಿಯನ್ನು ನೋಡಬಯಸುವವರು ನೇರಳೆ ಮಾರ್ಗದ ಟ್ರಿನಿಟಿ ನಿಲ್ದಾಣದಲ್ಲಿ ಇಳಿದರೆ ಸಾಕು. ಆರಾಧನೆಯ ಹೊತ್ತು ಬಿಟ್ಟು, ಕೇಳಿಕೊಂಡು ಒಳಗೆ ಹೋಗಿ. ಗೋಡೆಯ ಸ್ಮಾರಕಗಳಲ್ಲಿ, 1845ರಲ್ಲಿ ಜೋಗದ ಬಳಿ ತೀರಿಕೊಂಡ ಮೇಜರ್ ಜನರಲ್ ಕ್ಲೆಮೆಂಟ್ ಹಿಲ್ ಹೆಸರನ್ನು ಮರೆಯದೆ ಹುಡುಕಿ.