ತಾನಾಗಿ ಬರುವ ಅಂಕಿ, ನಾವು ಮಾಡುವ ತೀರ್ಮಾನ: ಹಿಂದೂಪುರ, ಕಲ್ಯಾಣದುರ್ಗದ ಕಡೆಯಿಂದ ಒಂದು ನೋಟ

ವಿಷಯದ ಹೆಸರು ಸ್ವಲ್ಪ ಭಾರ, ಪ್ರಶ್ನೆ ಸರಳ. ಒಂದು ದೊಡ್ಡ ಸಂಸ್ಥೆಯ ತಂತ್ರಾಂಶಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಅಂತ ತೀರ್ಮಾನಿಸೋದು ಎಂಟರ್‌ಪ್ರೈಸ್ ಆರ್ಕಿಟೆಕ್ಚರ್‌ನ ಕೆಲಸ. ಸರ್ವರ್‌ಗಳ ಲಾಗ್‌ನಿಂದ ತಾನಾಗಿ ಬರುವ ಅಂಕಿಗಳನ್ನು ಈ ತೀರ್ಮಾನಕ್ಕೆ ಎಷ್ಟರ ಮಟ್ಟಿಗೆ ನಂಬಬಹುದು?

ಆಂಧ್ರಪ್ರದೇಶ ಸರ್ಕಾರ 2015ರ ಹೊತ್ತಿಗೆ ‘ಇ-ಪ್ರಗತಿ’ ಎಂಬ ರಾಜ್ಯಮಟ್ಟದ ಆರ್ಕಿಟೆಕ್ಚರ್ ರೂಪಿಸಿತು. 33 ಇಲಾಖೆಗಳು ತಮ್ಮ ತಮ್ಮ ಗೋಡೆಗಳೊಳಗೆ ಇರುವ ಬದಲು, ಜನರ ಮಾಹಿತಿಗೆ ಪೀಪಲ್ ಹಬ್, ಜಮೀನಿನ ಮಾಹಿತಿಗೆ ಲ್ಯಾಂಡ್ ಹಬ್ ಅಂತ ಒಂದೊಂದೇ ಮೂಲ ಇರಲಿ ಅನ್ನೋದು ಆಶಯ. ಒಳ್ಳೆಯದೇ. ಆದರೆ ಹಂಚಿಕೊಂಡ ಭಾಗ ಹೆಚ್ಚಿದಷ್ಟೂ ಅವಲಂಬನೆಯೂ ಹೆಚ್ಚುತ್ತದೆ.

ಒಂದು ಲೆಕ್ಕ ಹಾಕೋಣ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತಗೊಳ್ಳೋದಕ್ಕೆ ಯಂತ್ರ, ನೆಟ್‌ವರ್ಕ್, ರಾಜ್ಯದ ಸರ್ವರ್, ಆಧಾರ್ ದೃಢೀಕರಣ, ದಾಸ್ತಾನಿನ ದಾಖಲೆ, ಈ ಐದೂ ಸರಿಯಿರಬೇಕು. ಪ್ರತಿಯೊಂದೂ ನೂರಕ್ಕೆ 99 ಸಲ ಕೆಲಸ ಮಾಡುತ್ತದೆ ಅಂದುಕೊಳ್ಳಿ. 0.99 ಅನ್ನು ಐದು ಸಲ ಗುಣಿಸಿದರೆ ಸಿಗೋದು ಸುಮಾರು 0.95. ಐದೂ ಡ್ಯಾಶ್‌ಬೋರ್ಡ್ ಹಸಿರು, ಆದರೂ ನೂರರಲ್ಲಿ ಐದು ಜನ ಖಾಲಿ ಚೀಲ ಹಿಡಿದು ವಾಪಸ್. ಹಾಗಾಗಿ ಬಿಡಿ ಭಾಗವನ್ನಲ್ಲ, ಇಡೀ ಸೇವೆಯನ್ನು ಅಳೆಯಬೇಕು.

ಎರಡನೆಯದು ಸರಾಸರಿ. ಹಿಂದೂಪುರ ಬೆಂಗಳೂರಿನ ರೈಲು ಮಾರ್ಗದಲ್ಲಿರುವ, ಕೈಗಾರಿಕೆಗಳ ಊರು. ಕಲ್ಯಾಣದುರ್ಗದ ಸುತ್ತ ಮಳೆ ನಂಬಿದ ಬೇಸಾಯ. ಒಂದು ಕಡೆ 900 ಪ್ರಯತ್ನದಲ್ಲಿ ಶೇ. 98, ಇನ್ನೊಂದು ಕಡೆ 100 ಪ್ರಯತ್ನದಲ್ಲಿ ಶೇ. 70 ಯಶಸ್ಸು ಅಂತಿಟ್ಟುಕೊಳ್ಳಿ. ಇವು ಊಹೆಯ ಅಂಕಿ. ಒಟ್ಟು ಶೇ. 95.2! ಎರಡನೇ ಊರಿನ ತೊಂದರೆ ಕಾಣೋದೇ ಇಲ್ಲ. 2022ರ ಏಪ್ರಿಲ್ 4ರವರೆಗೆ ಎರಡೂ ಒಂದೇ ಅನಂತಪುರ ಜಿಲ್ಲೆಯಲ್ಲಿದ್ದವು. ಆಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಅಂದರೆ ಒಂದೂ ಯಂತ್ರ ಬದಲಾಗದೆ ಜಿಲ್ಲಾವಾರು ಅಂಕಿ ಬದಲಾಗಬಹುದು. ಅದನ್ನು ಹೊಸ ತಂತ್ರಾಂಶದ ಫಲ ಅಂತ ಓದಿದರೆ ಮುಂದಿನ ಹಣ ತಪ್ಪು ಜಾಗಕ್ಕೆ ಹೋಗುತ್ತದೆ.

ಮೂರನೆಯದು, ಲಾಗ್‌ಗೆ ಬಾರದವರು. “ನೆಟ್‌ವರ್ಕ್ ಇಲ್ಲಮ್ಮಾ, ನಾಳೆ ಬಾ” ಅನ್ನಿಸಿಕೊಂಡು ಹೊರಟವರ ಹೆಸರಲ್ಲಿ ಯಾವ ಪ್ರಯತ್ನವೂ ದಾಖಲಾಗಲ್ಲ. ಯಶಸ್ಸಿನ ಪ್ರಮಾಣವನ್ನೇ ಗುರಿಯಾಗಿ ಕೊಟ್ಟರಂತೂ, ಕಷ್ಟದ ಬೆರಳನ್ನು ಯಂತ್ರಕ್ಕೆ ಮುಟ್ಟಿಸದೇ ಇರೋದು ಸಲೀಸು. ಅಳತೆ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯೋದಿಲ್ಲ ಅನ್ನೋ ಮಾತು ಬೆಳೆದದ್ದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಮುಂದಿಟ್ಟ ವಿಚಾರದಿಂದ.

ಪ್ರಶ್ನೆ: ಹಾಗಾದ್ರೆ ಮೆಟ್ರಿಕ್‌ಗಳನ್ನ ಬಿಟ್ಟುಬಿಡೋಣ್ವಾ ಸರ್?

ಉತ್ತರ: ಬೇಡ. ಯಾವ ಸೇವೆ ಯಾವುದರ ಮೇಲೆ ನಿಂತಿದೆ ಅಂತ ನೂರಾರು ಸೇವೆಗಳಲ್ಲಿ ಕೈಯಾರೆ ಹುಡುಕೋಕಾಗಲ್ಲ. ಅದನ್ನು ಲಾಗ್ ಹೇಳುತ್ತೆ. ಆದರೆ ಅಂಕಿ ತೋರಿಸೋದು ಎಲ್ಲಿ ನೋಡಬೇಕು ಅನ್ನೋದನ್ನ ಮಾತ್ರ. ಊರುವಾರು ಬಿಡಿಸಿ ನೋಡಿ, ಅಂಗಡಿ ಮುಂದೆ ಒಂದು ದಿನ ನಿಂತು ವಾಪಸ್ ಹೋದವರನ್ನ ಎಣಿಸಿ. ತೊಂದರೆ ನೆಟ್‌ವರ್ಕ್‌ನಲ್ಲಿದ್ದರೆ ರಾಜಧಾನಿಯ ಸರ್ವರ್ ಬದಲಿಸಿ ಏನೂ ಉಪಯೋಗವಿಲ್ಲ. ಸಂಪರ್ಕ ಇಲ್ಲದಾಗಲೂ ಅಕ್ಕಿ ಕೊಡೋ ದಾರಿಯನ್ನ ವಿನ್ಯಾಸದಲ್ಲೇ ಇಡಬೇಕು.